ಗೋಡೆಗೆ ಬಣ್ಣ ಸಾಕು, ಶಾಲೆಗೆ ಜನ ಬೇಕು

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಪೀಣ್ಯದ ಹತ್ತಿರ ಇರುವ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೇ ವಿದ್ಯಾರ್ಥಿಗಳ ಬಳಗದ ಪರವಾಗಿ ಬರೆಯುತ್ತಿದ್ದೇನೆ. ದುಡ್ಡು ಕೇಳುವುದಕ್ಕೇ ಬರೆಯುತ್ತಿರುವುದು, ಸುತ್ತಿ ಬಳಸಿ ಹೇಳುವುದಿಲ್ಲ. ಆದರೆ ಈ ಸಲ ಕೇಳುತ್ತಿರುವ ರೀತಿ ಬೇರೆ. ನೋಟ್‌ಬುಕ್ಕು, ಬ್ಯಾಗು, ಬಣ್ಣ, ಟಿವಿ ಯಾವುದೂ ಬೇಡ. ಜನರಿಗೆ ಸಂಬಳ ಕೊಡುವುದಕ್ಕೆ ದುಡ್ಡು ಬೇಕು.

ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ನಮ್ಮ ಶಾಲೆ ಮೇನ್ ರೋಡಿನಲ್ಲಿದೆ. ಹಾಗಾಗಿ ಕೊಡುವವರ ಕಣ್ಣಿಗೆ ಬೇಗ ಬೀಳುತ್ತದೆ. ಕಳೆದ ನಾಲ್ಕು ವರ್ಷದಲ್ಲಿ ಕಾಂಪೌಂಡಿಗೆ ಮೂರು ಸಲ ಬಣ್ಣ ಬಳಿದಿದ್ದಾರೆ. ಮೊದಲು ನವಿಲು ಇತ್ತು, ಅದರ ಮೇಲೆ ರಾಕೆಟ್ ಬಂತು, ಈಗ ರಾಕೆಟ್ ಮೇಲೆ ಚಿಟ್ಟೆ ಕೂತಿದೆ. ಶನಿವಾರ ಬೆಳಿಗ್ಗೆ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬರುತ್ತಾರೆ, ಮಕ್ಕಳ ಜೊತೆ ಹಾಡು ಹೇಳುತ್ತಾರೆ, ಬಿಸ್ಕೆಟ್ ಹಂಚುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಳ್ಳೆ ಮನಸ್ಸಿನವರೇ, ಬೈಯುತ್ತಿಲ್ಲ. ಹಾಗೆ ಬಂದವರೊಬ್ಬರು ದೊಡ್ಡ ಟಿವಿಯನ್ನೂ ಕೊಟ್ಟರು. ಒಂದು ವರ್ಷ ಚೆನ್ನಾಗಿ ಓಡಿತು. ಆಮೇಲೆ ಯುಪಿಎಸ್ ಬ್ಯಾಟರಿ ಸತ್ತಿತು. ಬ್ಯಾಟರಿ ಬದಲಿಸುವುದಕ್ಕೆ ಯಾರ ಬಜೆಟ್‌ನಲ್ಲೂ ಜಾಗ ಇರಲಿಲ್ಲ. ಈಗ ಅದರ ಮೇಲೆ ಹಳೇ ಸೀರೆ ಹೊದಿಸಿ ಇಟ್ಟಿದ್ದೇವೆ, ಧೂಳು ಕೂರಬಾರದು ಅಂತ.

ಅದೇ ವರ್ಷ ಆರನೇ ಕ್ಲಾಸಿನ ಮಕ್ಕಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಗಣಿತ ಹೇಳಿಕೊಡುವವರೇ ಇರಲಿಲ್ಲ.

ಕಾನೂನಿನಲ್ಲಿ ಎಲ್ಲ ಸರಿಯಾಗಿ ಬರೆದಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು. ಮೇಲಿನ ತರಗತಿಗಳಿಗೆ ಗಣಿತ-ವಿಜ್ಞಾನಕ್ಕೆ ಬೇರೆ, ಸಮಾಜಕ್ಕೆ ಬೇರೆ, ಭಾಷೆಗೆ ಬೇರೆ. ರಿಜಿಸ್ಟರ್ ತೆಗೆದು ನೋಡಿದರೆ ನಮ್ಮ ಶಾಲೆ ಹೆಚ್ಚು ಕಡಿಮೆ ಪಾಸ್. ಆದರೆ ಅದರಲ್ಲಿ ಒಬ್ಬರು ನಿಯೋಜನೆ ಮೇಲೆ ಬೇರೆ ಕಡೆ ಇರುತ್ತಾರೆ, ಒಬ್ಬರು ಹೆರಿಗೆ ರಜೆ, ಒಬ್ಬರು ತರಬೇತಿ. ಕ್ಲರ್ಕ್ ಇಲ್ಲ, ಅಟೆಂಡರ್ ಇಲ್ಲ, ಆದ್ದರಿಂದ ಮುಖ್ಯ ಶಿಕ್ಷಕಿ, ಅಂದರೆ ಎಚ್‌ಎಂ ಮೇಡಂ, ಪಾಠ ಮಾಡಬೇಕಾದ ಹೊತ್ತಿನಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಾ, ಆಧಾರ್ ನಂಬರ್ ತಿದ್ದುತ್ತಾ, ಆನ್‌ಲೈನ್‌ನಲ್ಲಿ ಮಾಹಿತಿ ತುಂಬುತ್ತಾ ಕೂತಿರುತ್ತಾರೆ. ಅತಿಥಿ ಶಿಕ್ಷಕರು ಬರುತ್ತಾರೆ, ನಿಜ. ಅವರ ಆದೇಶ ಬಂದು, ಅವರು ಬಂದು, ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಅರ್ಧ ಮಳೆಗಾಲ ಮುಗಿದಿರುತ್ತದೆ.

ಇದರ ಮೇಲೆ ಚುನಾವಣೆ, ಗಣತಿ. 2025ರ ದಸರಾ ನೆನಪಿದೆ ಅಲ್ವಾ? ಶಿಕ್ಷಕರು ಮನೆ ಮನೆಗೆ ಹೋಗಿ ಮಾಡುತ್ತಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಸಮೀಕ್ಷೆ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಇಲ್ಲಿ ಬರುವುದಿಲ್ಲ. ಶಿಕ್ಷಕರು ಬೇರೆ ಕೆಲಸಕ್ಕೆ ಹೋದಾಗ ಪಾಠ ಕಳೆದುಕೊಳ್ಳುವುದು ಯಾವ ಮಕ್ಕಳು, ಅಷ್ಟೇ ಕೇಳುತ್ತಿದ್ದೇನೆ. ಫೀಸು ಕಟ್ಟುವ ಶಾಲೆಯಲ್ಲಿ ಮೇಷ್ಟ್ರು ಹತ್ತು ದಿನ ಬರದಿದ್ದರೆ ಅಪ್ಪ-ಅಮ್ಮಂದಿರು ವಾಟ್ಸಾಪ್ ಗ್ರೂಪಿನಲ್ಲಿ ಬೆಂಕಿ ಹಚ್ಚುತ್ತಾರೆ. ನಮ್ಮ ಮಕ್ಕಳ ಅಮ್ಮಂದಿರು ಬೆಳಿಗ್ಗೆ ಎಂಟೂವರೆಗೆ ಗಾರ್ಮೆಂಟ್ಸ್ ಗೇಟಿನ ಒಳಗೆ ಹೋದರೆ ಹೊರಗೆ ಬರುವುದು ಸಂಜೆಗೇ.

ಈಗ ನಮ್ಮ ಮಕ್ಕಳ ವಿಷಯ. ನಾವು ಓದುವಾಗ ಇದ್ದವರು ಇದೇ ಬಡಾವಣೆಯ ಮಕ್ಕಳು. ಈಗ ಹಾಗಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ, ಬಿಹಾರ, ಒಡಿಶಾದಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಯಾದಗಿರಿಯ ಒಬ್ಬ ಹುಡುಗಿ ನಮಗಿಂತ ಚೆಂದ ಕನ್ನಡ ಮಾತಾಡುತ್ತಾಳೆ, ಕತೆ ಹೇಳು ಅಂದರೆ ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಆದರೆ ಐದನೇ ಕ್ಲಾಸಿನಲ್ಲಿದ್ದರೂ ಒತ್ತಕ್ಷರ ಓದಲು ಬರುವುದಿಲ್ಲ. ಅಪ್ಪನ ಕೆಲಸದ ಜೊತೆಗೆ ಎರಡು ವರ್ಷದಲ್ಲಿ ಮೂರು ಶಾಲೆ ನೋಡಿದ್ದಾಳೆ, ಎಲ್ಲಿಯೂ ಪಾಠ ಪೂರ್ತಿ ಸಿಗಲಿಲ್ಲ. ಇನ್ನೊಬ್ಬ ಹುಡುಗ, ಮನೆಯಲ್ಲಿ ಹಿಂದಿ, ವಯಸ್ಸಿನ ಲೆಕ್ಕಕ್ಕೆ ನಾಲ್ಕನೇ ಕ್ಲಾಸು. ಮೊದಲ ಮೂರು ತಿಂಗಳು ಅವನು ಬಾಯಿ ಬಿಟ್ಟಿದ್ದು ಊಟದ ಹೊತ್ತಿನಲ್ಲಿ ಮಾತ್ರ. ಈಗ ಅಡುಗೆ ಅಕ್ಕನ ಹತ್ತಿರ "ಇನ್ನೊಂದ್ ಸ್ವಲ್ಪ ಸಾರು ಹಾಕಿ" ಅಂತ ಧೈರ್ಯವಾಗಿ ಕೇಳುತ್ತಾನೆ. ಓದು ಇನ್ನೂ ಅಷ್ಟಕ್ಕಷ್ಟೆ.

ಇಂಥ ಮಕ್ಕಳಿಗೆ ಸೀಟು ಸಿಗುವುದು ಕಷ್ಟ ಅಲ್ಲ. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಅದು ಕಾಯ್ದೆಯಲ್ಲೇ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದಿದ್ದನ್ನು ತುಂಬಿಕೊಳ್ಳಲು ವಿಶೇಷ ತರಬೇತಿ ಕೊಡಬೇಕು ಅಂತಲೂ ಇದೆ. ಆ ತರಬೇತಿ ಕೊಡುವುದಕ್ಕೆ ಮಗುವಿನ ಪಕ್ಕ ಕೂರುವ ಒಬ್ಬ ಮನುಷ್ಯ ಬೇಕು. ಐದು ಕೆಲಸ ತಲೆ ಮೇಲಿರುವ ಟೀಚರಿಗೆ ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕೂರುವುದು ಆಗುವುದಿಲ್ಲ.

ಅದಕ್ಕೇ ಈ ವರ್ಷ ನಮ್ಮ ಲೆಕ್ಕ ಹೀಗಿದೆ. ಡಿಇಡಿ (ಶಿಕ್ಷಕರ ತರಬೇತಿ) ಮಾಡಿರುವ, ಇದೇ ಸುತ್ತಮುತ್ತಲಿನ ಇಬ್ಬರು ಹೆಣ್ಣುಮಕ್ಕಳನ್ನು ಜೂನ್ ಮೊದಲ ದಿನದಿಂದಲೇ ಸಹಾಯಕ ಟೀಚರ್ ಆಗಿ ಇಟ್ಟುಕೊಳ್ಳುತ್ತೇವೆ. ತಿಂಗಳಿಗೆ 14,000 ರೂಪಾಯಿ, ಹತ್ತು ತಿಂಗಳು, ಇಬ್ಬರಿಗೂ ಸೇರಿ 2,80,000. ಟಾಯ್ಲೆಟ್ ತೊಳೆಯಲು ದಿನಕ್ಕೆ ಮೂರು ಗಂಟೆ ಬರುವವರಿಗೆ ತಿಂಗಳಿಗೆ 6,000, ವರ್ಷಕ್ಕೆ 72,000. (ಈಗ ಯಾರು ತೊಳೆಯುತ್ತಾರೆ ಅಂತ ಕೇಳಬೇಡಿ. ಎಚ್‌ಎಂ ಮೇಡಂ ಜೇಬಿನಿಂದ ದುಡ್ಡು ಕೊಟ್ಟು ವಾರಕ್ಕೆ ಎರಡು ದಿನ ತೊಳೆಸುತ್ತಾರೆ. ಉಳಿದ ದಿನ ದೊಡ್ಡ ಹುಡುಗಿಯರು ನೀರು ಕುಡಿಯದೆ ಸಂಜೆವರೆಗೆ ತಡೆದುಕೊಂಡಿರುತ್ತಾರೆ.) ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ಬೀದಿಯಲ್ಲಿರುವ 60 ಮಕ್ಕಳಿಗೆ ಆರು ಗಂಟೆವರೆಗೆ ಸಂಜೆ ತರಗತಿ, ಜೊತೆಗೆ ಕಡಲೆಕಾಳು ಉಸಲಿಯೋ ಬಾಳೆಹಣ್ಣೋ, ಒಂದು ಮಗುವಿಗೆ 12 ರೂಪಾಯಿ ಹಾಗೆ 200 ದಿನಕ್ಕೆ 1,44,000. ಬಲ್ಬು, ನಲ್ಲಿ, ಸ್ಯಾನಿಟರಿ ಪ್ಯಾಡು, ಆ ಬ್ಯಾಟರಿ ಎಲ್ಲ ಸೇರಿ 24,000. ಒಟ್ಟು 5,20,000 ರೂಪಾಯಿ.

ಶಾಲೆ ನಡೆಯುವುದು 200 ದಿನ ಅಂತ ಹಿಡಿದರೆ ದಿನಕ್ಕೆ 2,600. ನಿಮ್ಮನ್ನು ಕೇಳುತ್ತಿರುವುದು ಇದನ್ನೇ: ಒಂದು ದಿನ ತೆಗೆದುಕೊಳ್ಳಿ. ಮಗಳ ಹುಟ್ಟುಹಬ್ಬವೋ, ಅಪ್ಪನ ತಿಥಿಯೋ, ಏನೂ ಇಲ್ಲದ ಒಂದು ಮಂಗಳವಾರವೋ. ಒಬ್ಬರಿಗೆ ಜಾಸ್ತಿಯಾದರೆ 26 ಜನ ಸೇರಿ ನೂರು ನೂರು ಹಾಕಿ, ನಮ್ಮ ಬ್ಯಾಚಿನವರು ಹಾಗೇ ಮಾಡಿದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಲಾಟೆ ಬೇಡ. ಇಬ್ಬರು ಟೀಚರುಗಳಲ್ಲಿ ಒಬ್ಬರು ನಮ್ಮ ಶಾಲೆಗಲ್ಲ. ಎರಡು ಬೀದಿ ಹಿಂದೆ, ಗಲ್ಲಿಯೊಳಗೆ, ಐದನೇ ಕ್ಲಾಸುವರೆಗಿನ ಇನ್ನೊಂದು ಸರ್ಕಾರಿ ಶಾಲೆ ಇದೆ. ಕಾರು ಹೋಗುವುದಿಲ್ಲ, ಆದ್ದರಿಂದ ಟೀ ಶರ್ಟಿನವರೂ ಹೋಗುವುದಿಲ್ಲ. ಆ ಗೋಡೆಗೆ ನಾನು ನೋಡಿದಂತೆ ಒಂದು ಸಲವೂ ಬಣ್ಣ ಬಿದ್ದಿಲ್ಲ. ಮೀಟಿಂಗಿನಲ್ಲಿ ಇಬ್ಬರು ಅಣ್ಣಂದಿರು, "ನಮ್ ಸ್ಕೂಲ್ ದುಡ್ಡು ಆ ಸ್ಕೂಲಿಗೆ ಯಾಕೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಉತ್ತರ ಏನೆಂದರೆ, ಅಲ್ಲಿ ಐದು ಮುಗಿಸಿದ ಮಕ್ಕಳು ಆರನೆಯದಕ್ಕೆ ಬರುವುದು ನಮ್ಮ ಶಾಲೆಗೇ. ಅಲ್ಲಿ ಮಗ್ಗಿ ಬರದೆ ಉಳಿದವರಿಗೆ ಇಲ್ಲಿ ಭಿನ್ನರಾಶಿ ಹೇಗೆ ಹತ್ತುತ್ತದೆ? ಅಲ್ಲದೆ ಮೇನ್ ರೋಡಿಗೆ ಮುಖ ಮಾಡಿದ ಶಾಲೆಗೇ ಎಲ್ಲ ಬರುತ್ತಿದ್ದರೆ, ಕೊಡುವ ನಾವೇ ಹೊಸ ತಾರತಮ್ಯ ಹುಟ್ಟುಹಾಕಿದಂತೆ. ಅಣ್ಣಂದಿರಲ್ಲಿ ಒಬ್ಬರು ಒಪ್ಪಿದರು, ಇನ್ನೊಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ.

ಇದೆಲ್ಲ ಸರ್ಕಾರದ ಕೆಲಸ, ನಾವು ತೆರಿಗೆ ಕಟ್ಟುವುದಿಲ್ವಾ ಅಂತ ಕೇಳುತ್ತೀರಿ. ಸರ್ಕಾರದ್ದೇ ಕೆಲಸ. ಸರ್ಕಾರ ಏನೂ ಕೊಡುವುದಿಲ್ಲ ಅನ್ನುವುದು ಸುಳ್ಳು. ಪುಸ್ತಕ, ಸಮವಸ್ತ್ರ ಬರುತ್ತದೆ. ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆಯೂ ಬರುತ್ತಿದೆ. ಶಿಕ್ಷಕರಿಗಾಗಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಿಂದ ಪ್ರತಿ ವರ್ಷ ಅರ್ಜಿ ಕೊಡುತ್ತೇವೆ, ಈ ವರ್ಷವೂ ಕೊಟ್ಟಾಗಿದೆ. ಕಾಯಂ ಟೀಚರ್ ಬಂದ ದಿನ ನಮ್ಮ ಸಹಾಯಕ ಟೀಚರನ್ನು ಬೇರೆ ಕ್ಲಾಸಿಗೆ ಹಾಕುತ್ತೇವೆ. ಸರ್ಕಾರದ ಹುದ್ದೆಗೆ ಬದಲಿಯಾಗಿ ಅವಳನ್ನು ಕೂರಿಸುವುದಿಲ್ಲ, ಇದನ್ನು ಬರೆದೇ ಕೊಟ್ಟಿದ್ದೇವೆ. ಆದರೆ ಅರ್ಜಿ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಐದನೇ ಕ್ಲಾಸಿನ ಹುಡುಗಿ ಏಳಕ್ಕೆ ಬಂದಿರುತ್ತಾಳೆ.

ಪೋಷಕರ ಹತ್ತಿರ ಕೇಳಬಾರದಾ? 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ ಬಂದಿತ್ತು. ವಿರೋಧ ಬಂದು ಕೆಲವೇ ದಿನದಲ್ಲಿ ವಾಪಸ್ಸಾಯಿತು, ಒಳ್ಳೆಯದಾಯಿತು. ಸ್ವಂತ ಇಷ್ಟದಿಂದ ಕೊಡಿ ಅಂದರೂ ಕೊಡದವರ ಮಗು ತಲೆ ತಗ್ಗಿಸಿ ಕೂರುತ್ತದೆ. ಪೋಷಕರು ಸುಮ್ನೆ ಕೂತಿಲ್ಲ. ಮೊನ್ನೆ ಒಬ್ಬ ತಂದೆ ಭಾನುವಾರ ಬಂದು ಕೈ ತೊಳೆಯುವ ಕಟ್ಟೆಗೆ ತಾವೇ ಸಿಮೆಂಟ್ ಮಾಡಿಕೊಟ್ಟರು, ಒಂದು ಲೋಟ ಕಾಫಿ ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ.

ಹಣದ ವಿಷಯ. ಖಾತೆ ಬಳಗದ ಹೆಸರಿನಲ್ಲಿದೆ, ಕ್ಯೂಆರ್ ಕೋಡ್ ಈ ಪತ್ರದ ಜೊತೆ ಇದೆ. ಟೀಚರುಗಳ ಕೈಗೆ, ಎಚ್‌ಎಂ ಕೈಗೆ ದಯವಿಟ್ಟು ದುಡ್ಡು ಕೊಡಬೇಡಿ, ಅವರನ್ನು ಕಷ್ಟಕ್ಕೆ ಸಿಕ್ಕಿಸಬೇಡಿ. ತೆರಿಗೆ ವಿನಾಯಿತಿಗೆ ರಸೀದಿ ('80ಜಿ' ಅನ್ನುತ್ತಾರಲ್ಲ, ಅದು) ಕೊಡುತ್ತೇವೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದರಿಂದ ಉಪಯೋಗ. ನಗದು 2,000 ದಾಟಿದರೆ ವಿನಾಯಿತಿ ಸಿಗುವುದಿಲ್ಲ, ಯುಪಿಐ ಮಾಡಿ. ಹೊರದೇಶದಲ್ಲಿರುವ ಗೆಳೆಯರಿಗೆ: ನಿಮ್ಮ ಹತ್ತಿರ ಭಾರತದ ಪಾಸ್‌ಪೋರ್ಟೇ ಇದ್ದರೆ ನಿಮ್ಮ ಬ್ಯಾಂಕ್ ಖಾತೆಯಿಂದ ಕಳಿಸಬಹುದು. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಕಳಿಸಬೇಡಿ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಊರಲ್ಲಿರುವ ತಮ್ಮನ ಖಾತೆಗೆ ಹಾಕಿ ಅಲ್ಲಿಂದ ತಿರುಗಿಸುವ ಉಪಾಯವೂ ಬೇಡ ಮಾರಾಯರೇ.

ಮಕ್ಕಳ ಫೋಟೊ ಕಳಿಸುವುದಿಲ್ಲ. ಬದಲಿಗೆ ಪ್ರತಿ ತಿಂಗಳ ಖರ್ಚಿನ ಹಾಳೆಯನ್ನು ಶಾಲೆಯ ನೋಟಿಸ್ ಬೋರ್ಡಿಗೂ ಅಂಟಿಸುತ್ತೇವೆ, ನಿಮಗೂ ಕಳಿಸುತ್ತೇವೆ. ಯಾರಿಗೆ ಓದಲು ಬಂತು, ಯಾರಿಗೆ ಇನ್ನೂ ಬಂದಿಲ್ಲ ಅನ್ನುವ ಲೆಕ್ಕ ಮೂರು ತಿಂಗಳಿಗೊಮ್ಮೆ, ಹೆಸರಿಲ್ಲದೆ. ಬರದಿದ್ದವರ ಸಂಖ್ಯೆ ಮುಚ್ಚಿಡುವುದಿಲ್ಲ. ನೀವೇ ನೋಡಬೇಕು ಅನ್ನಿಸಿದರೆ ಬನ್ನಿ, ನಾಲ್ಕೂವರೆ ಮೇಲೆ, ಒಬ್ಬರೇ, ಬಿಸ್ಕೆಟ್ ಇಲ್ಲದೆ. ಒಂದು ಮಗುವಿನ ಪಕ್ಕ ಕೂತು ಒಂದು ಪುಟ ಓದಿಸಿ.

ಯಾವ ದಿನ ನಿಮ್ಮದು ಅಂತ ಈ ತಿಂಗಳ ಕೊನೆಯೊಳಗೆ ತಿಳಿಸಿ. ಜೂನ್ ಮೊದಲ ವಾರ ಆಗಲೇ ಭರ್ತಿ, ಆಗಸ್ಟ್ 15, ನವೆಂಬರ್ 1, ನವೆಂಬರ್ 14 ಎಲ್ಲ ಹೋಗಿವೆ. ಜುಲೈ ಪೂರ್ತಿ ಖಾಲಿ ಇದೆ, ಡಿಸೆಂಬರ್‌ಗೂ ಯಾರೂ ಬಂದಿಲ್ಲ.