ಯಾಕೋಬನ ಎರಡನೇ ಅಧ್ಯಾಯ ತೆಗೆಯುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕರ್ತನ ಕೃಪೆ ನಿನ್ನೊಂದಿಗಿರಲಿ. ಯುವಜನರ ಕೂಟದಲ್ಲಿ ಈ ಸಲ ಹೊಸ ಒಡಂಬಡಿಕೆಯ ಯಾಕೋಬನ ಪತ್ರದ ಎರಡನೇ ಅಧ್ಯಾಯ ನಿನ್ನ ಪಾಲಿಗೆ ಬಂದಿದೆ ಅಂತ ಬರೆದಿದ್ದೀಯ. "ನಂಬಿಕೆಯಿಂದಲೇ ರಕ್ಷಣೆ ಅಂದಮೇಲೆ ಕಡೇ ದಿನ ಕ್ರಿಯೆಗಳ ಲೆಕ್ಕ ಯಾಕೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀನೇ ಕೇಳು. ಇದನ್ನು ಮುಚ್ಚಿಟ್ಟುಕೊಂಡು ಆ ಅಧ್ಯಾಯ ಕಲಿಸಲಾಗದು.

ಮೊದಲು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 3:28 ಮತ್ತು ಯಾಕೋಬ 2:24 ಎರಡನ್ನೂ ಅಕ್ಕಪಕ್ಕ ಓದಿಸು. ಮನುಷ್ಯ ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಎಂದು ಪೌಲ; ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ಎಂದು ಯಾಕೋಬ. ಎದುರುಬದುರು ನಿಂತಂತೆ ಕಾಣುತ್ತವೆ. ಕಾಣಲಿ ಬಿಡು, ಅವಸರದಲ್ಲಿ ಸಮಾಧಾನ ಮಾಡಿಸಬೇಡ. ಒಂದು ವಿಷಯ ಮರೆಮಾಚದೆ ಹೇಳು: ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ "ನಂಬಿಕೆಯಿಂದ ಮಾತ್ರ" ಎಂಬ ಮಾತು ಬರುವುದು ಒಂದೇ ಕಡೆ, ಅದೂ ಯಾಕೋಬನಲ್ಲಿ, "ಅಲ್ಲ" ಎಂಬುದರ ಜೊತೆ. ರೋಮಾಪುರ 3:28ಕ್ಕೆ "ಮಾತ್ರ" ಸೇರಿಸಿದವನು ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್, 1522ರ ತನ್ನ ಜರ್ಮನ್ ಅನುವಾದದಲ್ಲಿ. ಜರ್ಮನ್ ಜಾಯಮಾನಕ್ಕೂ ಪೌಲನ ವಾದಕ್ಕೂ ಅದು ಬೇಕು ಎಂದು 1530ರಲ್ಲಿ ಸಮರ್ಥಿಸಿಕೊಂಡ. ವಾದದ ಮಟ್ಟಿಗೆ ಅವನು ಹೇಳಿದ್ದು ಸರಿ ಎಂದೇ ನನಗನ್ನಿಸುತ್ತದೆ. ಆದರೆ ನಿನ್ನ ಹುಡುಗರು ಇದನ್ನು ಬೇರೆಯವರಿಂದ ಮೊದಲು ಕೇಳಿ ಗಾಬರಿಯಾಗಬಾರದು.

ಆಮೇಲೆ ಅಬ್ರಹಾಮ. ಹೆಚ್ಚು ಹೊತ್ತು ಇಲ್ಲೇ ಕಳೆ. ಬೋರ್ಡಿನ ಮೇಲೆ ಆದಿಕಾಂಡದ ಮೂರು ಅಧ್ಯಾಯ ಬರೆ: 15, 17, 22. ಹದಿನೈದರಲ್ಲಿ ಮಕ್ಕಳಿಲ್ಲದ ಮುದುಕ ನಕ್ಷತ್ರ ನೋಡಿ ನಂಬುತ್ತಾನೆ; ಅದು ನೀತಿಯೆಂದು ಎಣಿಕೆಯಾಗುತ್ತದೆ. ಹದಿನೇಳರಲ್ಲಿ ಸುನ್ನತಿ. ಇವೆರಡರ ನಡುವೆ, ಹದಿನಾರರಲ್ಲಿ, ಮಗ ಇಷ್ಮಾಯೇಲ್ ಹುಟ್ಟಿದಾಗ ಅಬ್ರಹಾಮನಿಗೆ 86, ಸುನ್ನತಿಯಾದಾಗ 99. ಅಂದರೆ ನಂಬಿದ್ದಕ್ಕೂ ಸುನ್ನತಿಗೂ ನಡುವೆ 13 ವರ್ಷಕ್ಕೆ ಕಡಿಮೆಯಿಲ್ಲ. ರೋಮಾಪುರ 4ರಲ್ಲಿ ಪೌಲ ಹಿಡಿಯುವುದು ಈ ಅಂತರವನ್ನೇ: ಎಣಿಕೆ ಮೊದಲು, ಗುರುತು ಆಮೇಲೆ. ಯಾಕೋಬ ಮುಂದಕ್ಕೆ ಹೋಗಿ, ಅಬ್ರಹಾಮ ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದ 22ನೇ ಅಧ್ಯಾಯ ತೆಗೆದು, ಹದಿನೈದರ ಮಾತು ಇಲ್ಲಿ ನೆರವೇರಿತು ಅನ್ನುತ್ತಾನೆ. ಪಾಪಿಯನ್ನು ದೇವರು ಯಾವ ಆಧಾರದ ಮೇಲೆ ಸ್ವೀಕರಿಸುತ್ತಾನೆ ಎಂಬುದು ಪೌಲನ ಪ್ರಶ್ನೆ. ನಿನ್ನಲ್ಲಿರುವುದು ಯಾವ ತರದ ನಂಬಿಕೆ ಎಂಬುದು ಯಾಕೋಬನದು. ಅವನು ಬೈಯುತ್ತಿರುವ ನಂಬಿಕೆ ದೆವ್ವಗಳಿಗೂ ಇದೆ. ಅವೂ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ. ಬಟ್ಟೆಯಿಲ್ಲದೆ ಬಂದವನಿಗೆ "ಬೆಚ್ಚಗಿರಪ್ಪಾ, ಹೋಗಿ ಬಾ" ಎಂದು ಬಾಗಿಲು ಹಾಕಿಕೊಳ್ಳುವ ನಂಬಿಕೆ ಅದು. ಗಲಾತ್ಯ 5:6ರಲ್ಲಿ ಪೌಲನೂ ಕೇಳುವುದು ಪ್ರೀತಿಯಿಂದ ಕೆಲಸ ನಡಿಸುವ ನಂಬಿಕೆಯನ್ನೇ.

ಪೌಲ ತಳ್ಳಿಹಾಕಿದ್ದು ಸುನ್ನತಿ, ಊಟದ ಕಟ್ಟಳೆ, ಸಬ್ಬತ್ತುಗಳನ್ನಷ್ಟೇ ಎಂದು ಕೆಲವರು ಕಲಿಸುತ್ತಾರೆ. ಅವು ಅವನ ಕಣ್ಣಮುಂದೆ ಇದ್ದದ್ದು ನಿಜ. ಆದರೆ ರೋಮಾಪುರ 4:4ರಲ್ಲಿ ಕೂಲಿಯ ಮಾತು ಬರುತ್ತದೆ. ದುಡಿದವನಿಗೆ ಕೂಲಿ ಸಿಗುವುದು ದಾನವಲ್ಲ, ಸಲ್ಲಬೇಕಾದದ್ದು. ಆ ಹೋಲಿಕೆ ಎಲ್ಲ ಬಗೆಯ ಗಳಿಕೆಯನ್ನೂ ಮುಟ್ಟುತ್ತದೆ.

ಕೂಟಕ್ಕೆ ಕಥೋಲಿಕ ಗೆಳೆಯರೂ ಬರುತ್ತಾರಲ್ಲ, ನಾವು ನಂಬಿಕೆ ಅನ್ನುವಲ್ಲಿ ವಿಶ್ವಾಸ ಅನ್ನುವವರು. "ಅವರು ಕ್ರಿಯೆಗಳಿಂದ ರಕ್ಷಣೆ ಸಂಪಾದಿಸುತ್ತಾರೆ" ಎಂದು ಯಾರೂ ಹೇಳದಂತೆ ನೋಡಿಕೋ, ಅದು ಸುಳ್ಳು. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಹೊರಡಿಸಿದ 33 ನಿಯಮಗಳಲ್ಲಿ ಮೊದಲನೆಯದೇ, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಖಂಡಿಸುತ್ತದೆ. ನಿಜವಾದ ಭಿನ್ನಾಭಿಪ್ರಾಯ 24ನೇ ನಿಯಮದಲ್ಲಿದೆ: ಸತ್ಕ್ರಿಯೆಗಳು ಹೊಂದಿದ ನೀತಿಯ ಫಲ ಮಾತ್ರವಲ್ಲ, ಅದು ಬೆಳೆಯುವುದಕ್ಕೆ ಕಾರಣವೂ ಹೌದು ಎಂದು ಅವರು; ಫಲ ಮತ್ತು ಗುರುತು ಎಂದು ನಾವು. ನಮ್ಮ ಸತ್ಯವೇದದ "ನೀತಿವಂತರೆಂದು ನಿರ್ಣಯಿಸಲ್ಪಡುವುದು" ಕೋರ್ಟಿನ ಮಾತು, ತೀರ್ಪು ಬೆಳೆಯುವುದಿಲ್ಲ. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟವೂ ರೋಮಿನ ಕಥೋಲಿಕ ಸಭೆಯೂ ಸೇರಿ, ನಮ್ಮ ಯೋಗ್ಯತೆಯಿಂದಲ್ಲ ಕೃಪೆಯಿಂದಲೇ ಸ್ವೀಕೃತರಾಗುತ್ತೇವೆ ಎಂದು ಸಹಿ ಹಾಕಿದರು. ಎಲ್ಲ ಬಗೆಹರಿಯಲಿಲ್ಲ, ಆದರೂ ಅದು ಸಣ್ಣ ಮಾತಲ್ಲ.

ಈಗ ಕಡೇ ತೀರ್ಪು. ಮತ್ತಾಯ 25:31ರಿಂದ ನಿಧಾನವಾಗಿ ಓದಿಸು. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ: ಈ ಆರು ಕೆಲಸಗಳ ಪ್ರಸ್ತಾಪ ನಾಲ್ಕು ಸಲ ಬರುತ್ತದೆ. ಬಲಗಡೆಯವರಿಗೇ ಆಶ್ಚರ್ಯ: "ಕರ್ತನೇ, ಯಾವಾಗ?" ಮಾಡಿದ್ದನ್ನು ಅವರು ಬರೆದಿಟ್ಟುಕೊಂಡಿರಲಿಲ್ಲ. ಇನ್ನು 34ನೇ ವಚನ: ರಾಜ್ಯವನ್ನು ಸ್ವಾಸ್ತ್ಯವಾಗಿ ತೆಗೆದುಕೊಳ್ಳಿರಿ. ಕೂಲಿಯಾಗಿ ಅಲ್ಲ, ಸ್ವಾಸ್ತ್ಯವಾಗಿ, ಮಕ್ಕಳಿಗೆ ಬರುವ ಪಾಲು. ಪ್ರಕಟನೆ 20ರಲ್ಲೂ ಹೀಗೆಯೇ. ಕ್ರಿಯೆಗಳ ಪುಸ್ತಕಗಳು ತೆರೆಯುತ್ತವೆ, ಜೊತೆಗೆ ಇನ್ನೊಂದು ಪುಸ್ತಕ. ಗ್ರೀಕಿನಲ್ಲಿ ಅದು "ಜೀವದ ಪುಸ್ತಕ" ಅಷ್ಟೇ. ನಮ್ಮವರು "ಜೀವಬಾಧ್ಯರ ಪುಸ್ತಕ" ಎಂದು ಅನುವಾದಿಸಿದರು. ಬಾಧ್ಯರು ಅಂದರೆ ಹಕ್ಕುದಾರರು. ಆ ಪದ ನನಗೆ ಬಹಳ ಇಷ್ಟ. ಮೊದಲ ಪುಸ್ತಕಗಳಲ್ಲಿರುವುದು ಸಾಕ್ಷ್ಯ, ಸಾಕ್ಷ್ಯ ಯಾರನ್ನೂ ಮಗನನ್ನಾಗಿ ಮಾಡುವುದಿಲ್ಲ. ಮಗನಾದವನ ಬದುಕಿನಲ್ಲಿ ಅದು ಸಿಗದೆಯೂ ಇರುವುದಿಲ್ಲ.

ಕೆಡುವುದು ಹೆಚ್ಚಾಗಿ ವಚನವನ್ನು ತಪ್ಪು ಮನುಷ್ಯನಿಗೆ ಕೊಟ್ಟಾಗ. ರಾತ್ರಿಯೆಲ್ಲಾ ತನ್ನ ಪಾಪ ಎಣಿಸುತ್ತಾ ಕೂರುವ ಹುಡುಗಿಗೆ ಯಾಕೋಬನನ್ನು ಓದಿ ಹೇಳಿದರೆ ಅವಳು ಕುಸಿದುಹೋಗುತ್ತಾಳೆ. ಅವಳಿಗೆ ರೋಮಾಪುರ 4:5 ಬೇಕು: ದುಡಿಯದೆ ನಂಬುವವನ ನಂಬಿಕೆಯೇ ನೀತಿಯೆಂದು ಎಣಿಕೆಯಾಗುತ್ತದೆ. ಮನೆಗೆಲಸದವಳ ಸಂಬಳ ಹಿಡಿದಿಟ್ಟುಕೊಂಡು "ನನಗೆ ರಕ್ಷಣೆಯಾಗಿದೆ" ಅನ್ನುವವನಿಗೆ ರೋಮಾಪುರ ಓದಬೇಡ, ಹಿಡಿದಿಟ್ಟ ಕೂಲಿ ಕೂಗುತ್ತದೆ ಅನ್ನುವ ಯಾಕೋಬ 5:4 ತೆಗೆ. ಯಾರು ಯಾವ ಕಡೆ ಇದ್ದಾರೆಂದು ಮೊದಲ ಹತ್ತು ನಿಮಿಷದ ಮಾತಿನಲ್ಲೇ ತಿಳಿಯುತ್ತದೆ, ಆದ್ದರಿಂದ ನೀನು ಶುರುಮಾಡುವ ಮುಂಚೆ ಅವರನ್ನು ಮಾತಾಡಿಸು.

ಭಾನುವಾರ ಆ ಹೊತ್ತಿಗೆ ಅಮ್ಮನೂ ನಾನೂ ಪ್ರಾರ್ಥನೆಯಲ್ಲಿರುತ್ತೇವೆ. ಮುಗಿದ ಮೇಲೆ ಫೋನ್ ಮಾಡು.

ನಿನ್ನ ಅಪ್ಪ