ಬಂಡೆಯ ಮೇಲೆ ಮೂರು ರಾತ್ರಿ: ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಮತ್ತು ನನ್ನ ಧಾರವಾಡದ ಗೆಳತಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ವಾಷಿಂಗ್ಟನ್ ಕಾಲಮ್ ಬಂಡೆಯ ನೆತ್ತಿಯ ಮೇಲೆ ಕೂತಿದ್ದೆವು. ಹತ್ತಿದ್ದು ಸೌತ್ ಫೇಸ್ ಅನ್ನೋ ದಾರಿ. ಒಟ್ಟು 11 ಪಿಚ್, ಅಂದರೆ ಒಂದು ಹಗ್ಗದ ಉದ್ದದೊಳಗೆ ಹತ್ತುವ ಹನ್ನೊಂದು ಹಂತ. 1964ರಲ್ಲಿ ಲೇಟನ್ ಕೋರ್ ಮತ್ತು ಕ್ರಿಸ್ ಫ್ರೆಡರಿಕ್ಸ್ ಮೊದಲು ಹತ್ತಿದ ದಾರಿ ಇದು. ನುರಿತವರು ಒಂದೇ ದಿನದಲ್ಲಿ ಹತ್ತಿ ಇಳಿಯುತ್ತಾರೆ. ನಮಗೆ ನಾಲ್ಕು ದಿನ, ಮೂರು ರಾತ್ರಿ ಹಿಡಿಯಿತು. ಮನೆಗೆ ಬಂದು ಎರಡು ವಾರ ಆಯಿತು. ಬೆರಳಿನ ಗಾಯ ಒಣಗಿದೆ. ಈಗ ಕೂತು ಬರೆಯುತ್ತಿದ್ದೇನೆ.

ಈ ವಿದ್ಯೆ ನಮಗೆ ಯಾವ ಕ್ಲಾಸಿನಲ್ಲೂ ಸಿಕ್ಕಿದ್ದಲ್ಲ. ಎರಡು ವರ್ಷ ಪುಸ್ತಕ ಓದಿ, ಓದಿದ್ದನ್ನು ಮರಕ್ಕೆ ನೇತಾಡಿ ಮಾಡಿ ನೋಡಿ ಕಲಿತದ್ದು. ರಾಮನಗರದಲ್ಲೂ ಬಾದಾಮಿಯಲ್ಲೂ ಹತ್ತಿದ ಅಭ್ಯಾಸ ಇಬ್ಬರಿಗೂ ಇತ್ತು. ಆದರೆ ಅದು ಕೈಕಾಲು ಇಟ್ಟು ಹತ್ತೋದು. ಏಡ್ ಕ್ಲೈಂಬಿಂಗ್ ಬೇರೆಯೇ ಕೆಲಸ. ಬಿರುಕಿನಲ್ಲಿ ಒಂದು ಲೋಹದ ತುಂಡು ಸಿಕ್ಕಿಸಬೇಕು, ಅದಕ್ಕೆ ಪಟ್ಟಿಯ ಏಣಿ ನೇತು ಹಾಕಬೇಕು, ಏಣಿಯ ಮೇಲೆ ನಿಂತು ಮುಂದಿನ ತುಂಡು ಸಿಕ್ಕಿಸಬೇಕು. ಒಂದೊಂದು ಗೇಣು ಮೇಲೆ ಹೋಗೋದೇ ಹೀಗೆ.

ಮೊದಲ ಥ್ಯಾಂಕ್ಸ್ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಊರಿನ ಲೈಬ್ರರಿಯ ಆ ಹಿರಿಯ ಹೆಂಗಸಿಗೆ. ನಾನು ಕೇಳಿದ ಪುಸ್ತಕ ಅಲ್ಲಿ ಒಂದೂ ಇರಲಿಲ್ಲ. ಒಂದೊಂದನ್ನೂ ಬೇರೆ ಊರುಗಳಿಂದ ತರಿಸಿಕೊಟ್ಟರು. ಯೊಸೆಮಿಟಿಯ ಹೆಸರಾಂತ ಹತ್ತುಗಾರ ರಾಯಲ್ ರಾಬಿನ್ಸ್ 1971 ಮತ್ತು 1973ರಲ್ಲಿ ಹೊರತಂದ ಎರಡು ಪುಟ್ಟ ಪುಸ್ತಕಗಳು ನನ್ನ ಕೈಗೆ ಬಂದಿದ್ದು ಅವರಿಂದಲೇ. ಹಳೇ ಪುಸ್ತಕ ಯಾಕೆ ಅಂತ ಕೆಲವರು ಕೇಳಿದರು. ಸಲಕರಣೆ ಬದಲಾಗಿದೆ, ನಿಜ. ಹೊಸ ಪುಸ್ತಕಗಳನ್ನೂ ಓದಿದೆ, ಗಂಟು ಮತ್ತು ಸಾಮಾನಿನ ವಿಷಯಕ್ಕೆ ಅವನ್ನೇ ನಂಬಿದೆ. ಆದರೆ ಬಂಡೆಯನ್ನು ಹೇಗೆ ನೋಡಬೇಕು ಅನ್ನೋದು ನನಗೆ ಹಳಬರಿಂದ ಬಂತು. ಜಾನ್ ಸಲಾಥೆ ಅಂತ ಒಬ್ಬ ಕಮ್ಮಾರ ಇದ್ದರು. ಸ್ವಿಟ್ಜರ್ಲೆಂಡ್‌ನಿಂದ ಬಂದವರು. ಹಗ್ಗ ಕಟ್ಟಲು ಬಿರುಕಿಗೆ ಬಡಿಯುವ ಮೆತ್ತನೆ ಕಬ್ಬಿಣದ ಮೊಳೆಗಳು ಯೊಸೆಮಿಟಿಯ ಗ್ರಾನೈಟ್‌ನಲ್ಲಿ ಬಾಗಿ ಹೋಗುತ್ತಿದ್ದವು. ಇವರು ಗಟ್ಟಿ ಉಕ್ಕಿನಿಂದ ತಾವೇ ಮೊಳೆ ಬಡಿದು ಮಾಡಿಕೊಂಡು 1947ರಲ್ಲಿ ಅಲ್ಲಿನ ಕಂಬದಂಥ ಶಿಖರ ಲಾಸ್ಟ್ ಆ್ಯರೋ ಹತ್ತಿದರು. ಅಂಥ ಮೊಳೆಗಳನ್ನು ವರ್ಷಗಟ್ಟಲೆ ಬಡಿದೂ ಕಿತ್ತೂ ಬಿರುಕುಗಳೇ ಒಡೆದು ಹೋಗತೊಡಗಿದವು. ಆಗ ರಾಬಿನ್ಸ್ ಸುತ್ತಿಗೆಯೇ ಬೇಡದೆ ಬಿರುಕಿನಲ್ಲಿ ಕೈಯಿಂದಲೇ ಸಿಕ್ಕಿಸುವ ನಟ್ ಅನ್ನೋ ಲೋಹದ ಬೆಣೆಗಳನ್ನು ಇಂಗ್ಲೆಂಡಿನಲ್ಲಿ ಕಂಡು ಬಂದು, 1967ರಲ್ಲಿ ಹೆಂಡತಿ ಲಿಜ್ ಜೊತೆ ಬರೀ ನಟ್ ಹಾಕಿ ಒಂದು ಹೊಸ ದಾರಿ ಹತ್ತಿದರು. ನಾವೂ ಈ ಸಲ ಸುತ್ತಿಗೆ ಒಯ್ಯಲಿಲ್ಲ.

ಇನ್ನೆರಡು ಹೆಸರು ಹೇಳಲೇಬೇಕು. 1973ರಲ್ಲಿ ಬೆವರ್ಲಿ ಜಾನ್ಸನ್ ಮತ್ತು ಸಿಬಿಲ್ ಹೆಕ್ಟೆಲ್ ಇಬ್ಬರೇ ಯೊಸೆಮಿಟಿಯ ಎಲ್ ಕ್ಯಾಪಿಟನ್ ಹತ್ತಿದರು. ಹೆಂಗಸರೇ ಇದ್ದ ತಂಡ ಅದನ್ನು ಹತ್ತಿದ್ದು ಅದೇ ಮೊದಲು. 900 ಮೀಟರಿಗೂ ಎತ್ತರದ ಗೋಡೆ ಅದು. ನನಗೆ 41 ವರ್ಷ, ಗೆಳತಿಗೆ 44. ಭಾರ ಎಳೆಯೋದು ನಮ್ಮಿಂದ ಆಗುತ್ತಾ ಅಂತ ಅನುಮಾನ ಬಂದಾಗೆಲ್ಲ ಆ ಇಬ್ಬರನ್ನು ನೆನೆದೆವು.

ಪುಸ್ತಕದಿಂದ ಕಲಿಯೋದರಲ್ಲಿ ಒಂದು ತೊಡಕಿದೆ. ಓದುವಾಗ ಎಲ್ಲ ಸಾಲೂ ಒಂದೇ ತೂಕದ್ದು ಅನಿಸುತ್ತದೆ. ಯಾವ ಸಾಲು ಪ್ರಾಣ ಉಳಿಸುತ್ತದೆ, ಯಾವುದು ಅರ್ಧ ದಿನ ಉಳಿಸುತ್ತದೆ ಅಂತ ಗೋಡೆಯ ಮೇಲೆ ಹೋದಾಗಲೇ ಗೊತ್ತಾಗೋದು. ಹೋದ ಅಕ್ಟೋಬರ್‌ನಲ್ಲಿ ನಾವು ಮೊದಲ ಸಲ ಇದೇ ದಾರಿಗೆ ಬಂದಿದ್ದೆವು. ನೀರು, ಊಟ, ಹಾಸಿಗೆ ಎಲ್ಲ ಒಂದು ದೊಡ್ಡ ಚೀಲದಲ್ಲಿ. ಇಂಗ್ಲಿಷಿನಲ್ಲಿ ಹಾಲ್ ಬ್ಯಾಗ್ ಅಂತಾರೆ, ನಾವು ಗೋಣಿ ಅಂತಿದ್ದೆವು. ಬಾವಿಯ ಗಡಗಡೆ ಥರದ್ದೇ ರಾಟೆ ಹಾಕಿ ಎಳೆಯೋದು. ಈ ರಾಟೆಗೆ ಹಲ್ಲು ಇರುತ್ತದೆ, ಹಗ್ಗ ಹಿಂದಕ್ಕೆ ಜಾರೋದಿಲ್ಲ, ಅಷ್ಟೇ ವ್ಯತ್ಯಾಸ. ಎರಡನೇ ಪಿಚ್‌ನಲ್ಲಿ ಗೋಣಿ ಒಂದು ಚಾಚಿನ ಕೆಳಗೆ ಸಿಕ್ಕಿಕೊಂಡಿತು. ಗೆಳತಿ ಇಳಿದು ಬಿಡಿಸಿದಳು. ಮತ್ತೆ ಸಿಕ್ಕಿತು. ಮತ್ತೆ ಇಳಿದಳು. ಅಷ್ಟರಲ್ಲಿ ಎರಡು ಹಗ್ಗ ಒಂದಕ್ಕೊಂದು ಜಡೆ ಹೆಣೆದುಕೊಂಡವು. ಬೆಳಕು ಹೋಗುತ್ತಾ ಬಂತು. ನಾವು ಇಳಿದು ಬಿಟ್ಟೆವು.

ನಮ್ಮ ಕೆಳಗಿದ್ದ ಒಂದು ಜೋಡಿ ಆ ದಿನ ತಮ್ಮ ಹತ್ತಾಟ ಬಿಟ್ಟು ನಮ್ಮ ಹಗ್ಗ ಬಿಡಿಸಲು ಒಂದು ಗಂಟೆ ಕೊಟ್ಟಿತು. ಅವರ ಹೆಸರು ಕೇಳೋಕೂ ನನಗೆ ಹೊಳೆಯಲಿಲ್ಲ, ಅಷ್ಟು ಬಳಲಿದ್ದೆ. ಅವರಿಗೆ ಕನ್ನಡ ಬರೋದಿಲ್ಲ. ಆದರೂ ಇಲ್ಲಿ ಹೇಳ್ತೀನಿ, ನಿಮ್ಮಿಂದ ತುಂಬಾ ಉಪಕಾರ ಆಯಿತು.

ಮನೆಗೆ ಬಂದು ಪುಸ್ತಕ ತೆಗೆದೆ. ಉತ್ತರ ಅಲ್ಲೇ ಇತ್ತು. ಎರಡು ಲೀಟರಿನ ಸೋಡಾ ಬಾಟಲಿಯ ಮೇಲರ್ಧ ಕತ್ತರಿಸಿ, ಹಗ್ಗವನ್ನು ಅದರ ಬಾಯಿಯಲ್ಲಿ ತೂರಿಸಿ, ಗೋಣಿಯ ಗಂಟಿನ ಮೇಲೆ ಟೋಪಿ ಥರ ಕೂರಿಸಬೇಕು. ಗಂಟು ಬಂಡೆಯ ಅಂಚಿಗೆ ತಗಲೋದಿಲ್ಲ, ಬಾಟಲಿಯ ಇಳಿಜಾರು ಜಾರಿಸಿಕೊಂಡು ಹೋಗುತ್ತದೆ. ಒಂದೇ ಸಾಲು. ನಾನು ಎರಡು ಸಲ ಓದಿ ದಾಟಿ ಹೋಗಿದ್ದ ಸಾಲು! ಆ ಪುಟಕ್ಕೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಯಾರೋ ಎಲ್ಲೋ ಒಂದು ದಿನ ಹೀಗೇ ಸಿಕ್ಕಿಹಾಕಿಕೊಂಡು, ಮುಂದೆ ಬರೋರಿಗೆ ಆಗದಿರಲಿ ಅಂತ ಬರೆದಿಟ್ಟಿದ್ದಾರೆ, ಅಲ್ವಾ? ಬರೆದ ಆ ಎಲ್ಲರಿಗೂ ನನ್ನ ನಮಸ್ಕಾರ.

ಚಳಿಗಾಲವೆಲ್ಲ ಮನೆ ಹಿಂದಿನ ಓಕ್ ಮರದಲ್ಲಿ ಕಳೆಯಿತು. ಮರ ನಮ್ಮದಲ್ಲ, ಪಕ್ಕದ ಮನೆಯ ಅಜ್ಜಂದು. ಕೇಳಿದಾಗ ಬೇಡ ಅನ್ನಲಿಲ್ಲ. ತೊಗಟೆ ಗೀರಬಾರದು ಅಂತ ಹಳೇ ಕಾರ್ಪೆಟ್ ತುಂಡು ಕೊಟ್ಟರು. ಗೋಣಿಗೆ 40 ಕೆಜಿ ಮರಳು ತುಂಬಿ ಎಳೆದೆವು. ಜುಮಾರ್ ಅಂತ ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿಯುವ ಹಿಡಿ ಹಾಕಿ ಹಗ್ಗ ಏರಿದೆವು, ಕೆಲವು ಮೀಟರಿಗೊಂದು ಗಂಟು ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳೋದನ್ನು ಕೈಗೆ ಅಭ್ಯಾಸ ಮಾಡಿಸಿದೆವು. ಜುಮಾರ್ ಕಳಚಿದರೂ ಆ ಗಂಟು ಹಿಡಿಯುತ್ತದೆ.

ಮೇ ತಿಂಗಳಲ್ಲಿ ಗೋಣಿ ಎಲ್ಲೂ ನಿಲ್ಲಲಿಲ್ಲ. ಮೂರು ಪಿಚ್ ಮೇಲೆ ಡಿನ್ನರ್ ಲೆಡ್ಜ್ ಅನ್ನೋ ಅಗಲ ಜಗಲಿ ಇದೆ. ಮೊದಲ ದಿನ ಸಂಜೆ ಅಲ್ಲಿಗೆ ತಲುಪಿದೆವು. 24 ಲೀಟರ್ ನೀರು ಪಕ್ಕಕ್ಕಿಟ್ಟು ಅವಲಕ್ಕಿ ಕಲಸಿದೆವು. ಎದುರಿಗೆ ಹಾಫ್ ಡೋಮ್ ಅನ್ನೋ ದೊಡ್ಡ ಬಂಡೆ, ಬಿಸಿಲು ಇಳಿದ ಹಾಗೆ ಬೂದಿಯಿಂದ ಕಾವಿ ಬಣ್ಣಕ್ಕೆ ತಿರುಗಿತು. ಎರಡನೇ ದಿನ ಕೋರ್ ರೂಫ್ ಅನ್ನೋ ಸೂರಿನಂಥ ಬಂಡೆಯ ಚಾಚು ದಾಟಿ, ಮೇಲೆ ಹಗ್ಗ ಕಟ್ಟಿಟ್ಟು ಬಂದು ಅಲ್ಲೇ ಮಲಗಿದೆವು. ಮೂರನೇ ದಿನ ಗೋಣಿ ಬಿಟ್ಟು ಹಗುರಾಗಿ ನೆತ್ತಿಗೆ ಹೋಗಿ, ರಾತ್ರಿಗೆ ವಾಪಸ್ ಜಗಲಿಗೆ.

ಆ ರೂಫ್‌ನ ಮೇಲಿನ ಬಿರುಕಿನಲ್ಲಿ ಒಂದು ಕಡೆ ಕಿರುಬೆರಳಿನಷ್ಟು ಸಣ್ಣ ನಟ್ ಒಂದೇ ಕೂತಿತು. ಹಳೇ ತುಂಡಿನ ಮೇಲೆ ಒಂದು ಕಾಲು ಇಟ್ಟುಕೊಂಡೇ ಹೊಸದಕ್ಕೆ ಮೆಲ್ಲಗೆ ಭಾರ ಕೊಟ್ಟೆ. ಆಮೇಲೆ ಜಗ್ಗಿದೆ. ಆಮೇಲೆ ಕುಪ್ಪಳಿಸಿದೆ. ಆ ಹೊತ್ತಿಗೆ ನಟ್ ಕಡೆ ಮುಖ ಎತ್ತಬಾರದು, ಕಿತ್ತು ಬಂದರೆ ಹೆಲ್ಮೆಟ್‌ಗೆ ಬಡಿಯಲಿ. ತಲೆ ಬಗ್ಗಿಸಿ ಕಾಯುವಾಗ ನಟ್ ಕಿರ್ ಅಂತ ಒಂದು ಅಕ್ಕಿಕಾಳಿನಷ್ಟು ಜಾರಿ ನಿಂತಿತು. ನನಗೆ ಸಿದ್ದಾಪುರದ ನಮ್ಮ ತೋಟದ ಕೊನೆಗೌಡರು ನೆನಪಾದರು. ಅಡಿಕೆ ಮರದ ತುದಿಯಲ್ಲಿ ನಿಂತು ಪಕ್ಕದ ಮರವನ್ನು ಎಳೆದುಕೊಂಡು, ಒಂದೆರಡು ಸಲ ಜಗ್ಗಿ ನೋಡಿ, ಆಮೇಲೇ ಅದಕ್ಕೆ ದಾಟುತ್ತಿದ್ದರು. ಕೆಳಗೆ ನಿಂತು ನೋಡುತ್ತಿದ್ದ ಹುಡುಗಿ ನಾನು. ಎತ್ತರ ಅಂದರೆ ಹೆದರಿಕೆ ಮಾತ್ರ ಅಲ್ಲ, ಅದೂ ಒಂದು ಕೆಲಸ ಅಂತ ಮೊದಲು ತೋರಿಸಿಕೊಟ್ಟವರು ಅವರು. ಅವರು ಈಗಿಲ್ಲ. ಅವರ ಮಗನಿಗೆ ಫೋನ್ ಮಾಡಿ ಇದನ್ನು ಹೇಳಿದೆ.

ಗೆಳತಿಗೆ ಏನು ಹೇಳಲಿ. ಗಾಳಿಗೆ ಮಾತು ಕೇಳಿಸದ ಕಡೆ, ಬೇರೆ ತಂಡಗಳ ಇಂಗ್ಲಿಷ್ ಕೂಗು ನಮ್ಮದರ ಜೊತೆ ಕಲಸಿ ಹೋಗುವ ಕಡೆ, ನಮ್ಮ ಕೂಗು ಕನ್ನಡದಲ್ಲೇ ಇರಲಿ ಅಂದಿದ್ದು ಅವಳು. ಮೇಲಿಂದ 'ಹಗ್ಗ ಕಟ್ಟೇನಿ!' ಅಂತ ಕೇಳಿದರೆ ಅದು ಅವಳೇ. ಬೇರೆ ಯಾರೂ ಆಗೋಕೆ ಸಾಧ್ಯವೇ ಇಲ್ಲ. ಆ ಎರಡು ಪದ ಕೇಳಿ ನಾನು ಪೂರ್ತಿ ಭಾರ ಹಗ್ಗಕ್ಕೆ ಕೊಟ್ಟಿದ್ದೇನೆ, ಒಂದು ಸಲವೂ ಯೋಚಿಸದೆ.

ನನ್ನ ಗಂಡ ಎರಡು ವರ್ಷದ ಶನಿವಾರಗಳನ್ನು ನನಗೆ ಬಿಟ್ಟುಕೊಟ್ಟ. ಮಗಳು ಗಂಟುಗಳನ್ನು ನನಗಿಂತ ಬೇಗ ಕಲಿತು, ಕಣ್ಣು ಮುಚ್ಚಿ ಕಟ್ಟು ಅಂತ ನನಗೆ ಪರೀಕ್ಷೆ ಮಾಡಿದಳು. ಊರಿಗೆ ಫೋನ್ ಮಾಡಿ ಆಯಿಗೆ ವಿಷಯ ಹೇಳಿದಾಗ ಅವಳು ಬೇಡ ಅನ್ನಲಿಲ್ಲ. 'ಹಗ್ಗ ಗಟ್ಟಿ ಇದ್ದ? ಎರಡೆರಡು ಸಲ ನೋಡ್ಕ್ಯ' ಅಂದಳು. ನೋಡಿಕೊಂಡೆ ಆಯಿ, ಪ್ರತಿ ಸಲವೂ.

ಲೈಬ್ರರಿ ಪುಸ್ತಕಗಳನ್ನು ಮೊನ್ನೆ ವಾಪಸ್ ಕೊಟ್ಟೆ. ಅಜ್ಜನ ಮರದಲ್ಲಿ ಹಗ್ಗ ಇನ್ನೂ ಇದೆ. ಫ್ರೀಮಾಂಟ್ ಸುತ್ತಮುತ್ತ ಇರೋ ಕನ್ನಡದವರು ಯಾರಾದರೂ ಕಲಿಯಬೇಕು ಅಂದರೆ ಶನಿವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ. ಹೆಲ್ಮೆಟ್ ನಿಮ್ಮದೇ ತನ್ನಿ. ತಿಂಡಿ ನಮ್ಮನೇಲಿ.