ಈ ಬೆಳ್ಳಿಗೆ ಹುಣಸೆಹಣ್ಣು ತಾಗಿಸಬೇಡಿ

ಆತ್ಮೀಯ ಸದಸ್ಯರೇ,

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ದೀಪದ ಕಂಬ, ಆರತಿ ತಟ್ಟೆ, ಪಂಚಪಾತ್ರೆಗಳನ್ನೆಲ್ಲ ಸಿಂಕಿಗೆ ಹಾಕಿಕೊಂಡು ತಿಕ್ಕುತ್ತಿದ್ದೆ. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಎಂಬುದು ನಮ್ಮಮ್ಮನ ಕಾನೂನು. ಆದರೆ ಕೈಗೆ ಹುಣಸೆಹಣ್ಣು ಮೆತ್ತಿಕೊಂಡಾಗಿತ್ತು, ಪಕ್ಕದಲ್ಲಿ ಚಿಕ್ಕಮ್ಮನ ಡಬ್ಬಿ ತೆರೆದಿತ್ತು. ಅದರೊಳಗಿನ, ತಿಳಿನೀಲಿ ಕಲ್ಲು ಕೂರಿಸಿದ ಕಪ್ಪುಹಿಡಿದ ಬೆಳ್ಳಿ ಕಡಗವನ್ನೂ ಒಮ್ಮೆ ಅದ್ದಿ ತೆಗೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮಗಳು ನೋಡಿ ಕಿರುಚದೇ ಹೋಗಿದ್ದರೆ ಈ ಸಂಪಾದಕೀಯದ ವಿಷಯ ಬೇರೆಯೇ ಆಗಿರುತ್ತಿತ್ತು.

ಚಿಕ್ಕಪ್ಪ ವೈದ್ಯರಾಗಿ ನ್ಯೂ ಮೆಕ್ಸಿಕೋದ ಗ್ಯಾಲಪ್‌ಗೆ ಬಂದದ್ದು 1972ರಲ್ಲಿ. ಊರಿನ ಅಂಗಡಿಯೊಂದರ ಮೇಲೆ ‘ಇಂಡಿಯನ್ ಜ್ಯುವೆಲರಿ’ ಎಂಬ ಬೋರ್ಡ್ ಕಂಡು, ನಮ್ಮ ಕಡೆಯ ಬಳೆ ಸಿಗಬಹುದೆಂದು ಚಿಕ್ಕಮ್ಮ ಒಳಗೆ ಹೋದರಂತೆ. ಸಿಕ್ಕಿದ್ದು ಬೇರೆ ಇಂಡಿಯನ್ನರ, ಅಂದರೆ ಅಮೆರಿಕದ ಮೂಲನಿವಾಸಿಗಳ ಬಳೆ. ಕೊಲಂಬಸ್ ಮಾಡಿದ ಎಡವಟ್ಟಿನ ಲಾಭ ನಮ್ಮ ಮನೆಗೂ ಬಂತು. ಚಿಕ್ಕಮ್ಮ ಕಳೆದ ವರ್ಷ ತೀರಿಕೊಂಡರು. ಈಗ ಡಬ್ಬಿ ನನ್ನ ಬಳಿ ಇದೆ. ನಮ್ಮ ಸಂಘದಲ್ಲೇ ಇಂಥ ಡಬ್ಬಿ ಇರುವ ಮನೆಗಳು ಇನ್ನೂ ಮೂರ್ನಾಲ್ಕು ಇವೆ ಎಂದು ಗೊತ್ತಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ತಕರಾರು. ಈ ತಿಳಿನೀಲಿ ಕಲ್ಲನ್ನು ಕೆಲವರು ಕನ್ನಡದಲ್ಲಿ ವೈಡೂರ್ಯ ಎನ್ನುತ್ತಾರೆ. ನವರತ್ನದ ಉಂಗುರ ಹಾಕಿಕೊಳ್ಳುವವರಿಗೆ ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನ ಹರಳು. ಗೊಂದಲ ಬೇಡ, ಟರ್ಕಾಯ್ಸ್ ಎಂದೇ ಕರೆಯೋಣ. ಇದು ತಾಮ್ರ ಮತ್ತು ಅಲ್ಯೂಮಿನಿಯಂನ ಫಾಸ್ಫೇಟ್. ಮೆದು ಕಲ್ಲು, ಸಣ್ಣ ರಂಧ್ರಗಳು ತುಂಬಿದ ಕಲ್ಲು. ಹುಳಿ ಸೋಕಿದರೆ ಕೆಡುತ್ತದೆ. ಮೈಯೆಣ್ಣೆ, ಸೋಪು, ಸುಗಂಧದ್ರವ್ಯ ಹೀರಿಕೊಂಡು ವರ್ಷಗಳಲ್ಲಿ ಹಸಿರಿಗೆ ತಿರುಗುತ್ತದೆ. ಚಿಕ್ಕಮ್ಮನ ಕಡಗದಲ್ಲಿ ಮಣಿಕಟ್ಟಿನ ಒಳಬದಿಗೆ ಬರುವ ಕಲ್ಲುಗಳು ಹೊರಗಿನವುಗಳಿಗಿಂತ ಹಸಿರಾಗಿವೆ. ಅವರು ದಿನವೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವರು.

ಚಿಕ್ಕಮ್ಮನ ಕಡಗ ಬಂದದ್ದು ಜೂನಿ ಎಂಬ ಮೂಲನಿವಾಸಿ ಜನರ ಊರಿನಿಂದ. ಅದು ಗ್ಯಾಲಪ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ದಾರಿ. ಅವರ ಭಾಷೆಗೆ ಲೋಕದ ಇನ್ನಾವ ಭಾಷೆಯೂ ನಂಟೆಂದು ಸಾಬೀತಾಗಿಲ್ಲ. ಅಲ್ಲಿ ಬೆಳ್ಳಿ ಹೊಸದು, ಕಲ್ಲು ಹಳೆಯದು. ಕಲ್ಲು, ಚಿಪ್ಪುಗಳನ್ನು ಉಜ್ಜಿ ಕೊರೆಯುವ ಕೆಲಸ ಶತಮಾನಗಳಿಂದ ಬಂದದ್ದು. ಬೆಳ್ಳಿಯನ್ನು ಲಾನ್ಯಾಡೆ ಎಂಬ ಜೂನಿ ಕುಶಲಕರ್ಮಿ 1870ರ ದಶಕದಲ್ಲಿ ಅತ್ಸಿದಿ ಚೋನ್ ಎಂಬ ನವಾಹೋ (ಅಲ್ಲಿನ ಇನ್ನೊಂದು ಮೂಲನಿವಾಸಿ ಬುಡಕಟ್ಟು) ಅಕ್ಕಸಾಲಿಗನಿಂದ ಕಲಿತ. ಬೆಳ್ಳಿಯಲ್ಲಿ ಟರ್ಕಾಯ್ಸ್ ಕೂರಿಸುವುದು 1890ರ ಸುಮಾರಿಗೆ ಶುರುವಾಯಿತು. ಈ ಇತಿಹಾಸ ಒಡವೆಯ ಮೇಲೆಯೇ ಕಾಣುತ್ತದೆ. ನವಾಹೋ ಕೆಲಸದಲ್ಲಿ ಬೆಳ್ಳಿ ಮೆರೆಯುತ್ತದೆ, ಕಲ್ಲು ಅದಕ್ಕೆ ತಿಲಕವಿಟ್ಟಂತೆ. ಜೂನಿ ಕೆಲಸದಲ್ಲಿ ಕಲ್ಲೇ ಯಜಮಾನ, ಬೆಳ್ಳಿ ಅದನ್ನು ಹೊತ್ತು ನಿಂತ ಪೀಠ. ಇದು ಕಣ್ಣಳತೆಯ ಲೆಕ್ಕವೇ ಹೊರತು ತೀರ್ಪಲ್ಲ. ಜೂನಿಯವರು ಕಡೆದ ಕಲ್ಲನ್ನು ನವಾಹೋ ಕೈಯಿಂದ ಬೆಳ್ಳಿಯಲ್ಲಿ ಕೂರಿಸಿದ ಒಡವೆಗಳನ್ನು ಅಲ್ಲಿನ ವ್ಯಾಪಾರಿಗಳೇ ಬೇಕಾದಷ್ಟು ಮಾಡಿಸಿದ್ದಾರೆ.

ಕಡಗವನ್ನು ಭೂತಗನ್ನಡಿಯ ಕೆಳಗಿಟ್ಟೆ. ಜೋಳದ ಕಾಳಿಗಿಂತ ಚಿಕ್ಕ ಕಲ್ಲುಗಳು, ಒಂದು ತುದಿ ಉರುಟು, ಇನ್ನೊಂದು ಚೂಪು. ಎರಡು ಸಲ ಎಣಿಸಿದೆ, ಅರವತ್ತೆಂಟು. ಪ್ರತಿಯೊಂದಕ್ಕೂ ಅದರದೇ ಬೆಳ್ಳಿಯ ಗೂಡು, ಗೂಡಿನ ಅಂಚಿಗೆ ಗರಗಸದ ಹಲ್ಲಿನಂಥ ಕಚ್ಚು. ಇದಕ್ಕೆ ಪೆಟಿ ಪಾಯಿಂಟ್ ಎನ್ನುತ್ತಾರೆ. ಎರಡೂ ತುದಿ ಚೂಪಾಗಿ ಕಲ್ಲು ಸೂಜಿಯಷ್ಟು ತೆಳುವಾದರೆ ನೀಡಲ್ ಪಾಯಿಂಟ್. ಬೆಳ್ಳಿಯ ಗೋಡೆಗಳ ನಡುವೆ ಟರ್ಕಾಯ್ಸ್, ಹವಳ, ಮುತ್ತಿನ ಚಿಪ್ಪು, ಕಪ್ಪು ಜೆಟ್ ತುಂಡುಗಳನ್ನು ಒತ್ತಿ ಕೂರಿಸಿ ನುಣುಪಾಗಿ ತಿಕ್ಕಿದರೆ ಚಾನೆಲ್ ಇನ್ಲೇ. ಚಿಕ್ಕಪ್ಪನ ಬೋಲೋ ಟೈಯಲ್ಲಿ (ಬಿಲ್ಲೆ ಪೋಣಿಸಿದ ಕೊರಳ ಹುರಿ) ನಗುವ ಸೂರ್ಯನ ಮುಖ ಹಾಗೆ ಮೂಡಿದೆ. ನೂರಾರು ಕಲ್ಲನ್ನು ಒಂದೇ ಅಳತೆಗೆ ಕೈಯಲ್ಲಿ ಉಜ್ಜುವವನ ತಾಳ್ಮೆ ಎಷ್ಟೇ ಇದ್ದರೂ ಕೂದಲೆಳೆಯ ವ್ಯತ್ಯಾಸ ಉಳಿದೇ ಉಳಿಯುತ್ತದೆ. ನಾನು ಹುಡುಕಿದ್ದು ಆ ವ್ಯತ್ಯಾಸವನ್ನೇ. ಸಿಕ್ಕಿತು.

ಇನ್ನು ಗುರುತಿನ ಮಾತು. ಚಿನ್ನದ ಮೇಲೆ 916 ಕಂಡರೆ ಮಾತ್ರ ನಿದ್ದೆ ಮಾಡುವ ಜನ ನಾವು. ಕಡಗದ ಹಿಂಬದಿ ತಿರುಗಿಸಿದರೆ ಬೋಳು ಬೆಳ್ಳಿ. ಮುದ್ರೆಯಿಲ್ಲ, ಅಕ್ಷರವಿಲ್ಲ. ಇಲ್ಲಿನ ಆಭರಣದಂಗಡಿಯೊಂದಕ್ಕೆ ಒಯ್ದಾಗ ಅಲ್ಲಿದ್ದವರು ಹಿಂಬದಿಯನ್ನಷ್ಟೇ ನೋಡಿ, ತಕ್ಕಡಿಗೆ ಹಾಕಿ, ಬೆಳ್ಳಿಯ ತೂಕಕ್ಕೆ ಇಷ್ಟು ಎಂದರು. ಹೊಳಪು ಹಾಕಿಕೊಡಲೇ ಎಂದೂ ಕೇಳಿದರು. ಕೈಮುಗಿದು ಹೊರಬಂದೆ. ಹಳೆಯ ಬೆಳ್ಳಿಯ ಸಂದಿಗೊಂದಿಗಳಲ್ಲಿ ಕೂತ ಕಪ್ಪು ಅದರ ವಯಸ್ಸು. ಅದನ್ನು ಉಜ್ಜಿ ತೆಗೆದರೆ ಬಲ್ಲವರ ಕಣ್ಣಲ್ಲಿ ಬೆಲೆ ಇಳಿಯುತ್ತದೆ.

1970ರ ದಶಕಕ್ಕೆ ಮುಂಚೆ ಜೂನಿಯವರಲ್ಲಿ ಸಹಿ ಹಾಕುವ ರೂಢಿಯೇ ಅಪರೂಪ. ಲೀಕ್ಯಾ ದೆಯೂಸೆಯಂಥ ಮಹಾ ಕಲ್ಲುಕೆತ್ತನೆಗಾರನ ಕೆಲಸವನ್ನೂ ಇಂದು ಗುರುತಿಸುವುದು ಕೈಚಳಕದಿಂದ ಮತ್ತು ವ್ಯಾಪಾರಿ ಸಿ.ಜಿ. ವ್ಯಾಲೇಸ್‌ನಂಥವರು ಬಿಟ್ಟುಹೋದ ವಿವರಗಳಿಂದ. ವ್ಯಾಲೇಸ್ ತನ್ನ ಸಂಗ್ರಹದ ದೊಡ್ಡ ಪಾಲನ್ನು ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂಗೆ ಕೊಟ್ಟಿದ್ದಾನೆ. ನಮ್ಮ ಸಂಘದವರು ಅಲ್ಲಿನ ಕೆಫೆಯನ್ನು ದಾಟಿ ಒಳಗೂ ಒಮ್ಮೆ ಹೋಗಿಬರಬೇಕು.

ಸಹಿ ಇದ್ದರೂ ಕೆಲಸ ಮುಗಿಯುವುದಿಲ್ಲ. ಡಬ್ಬಿಯ ಉಂಗುರದ ಒಳಗೆ ಮೊಳೆಯಲ್ಲಿ ಗೀಚಿದಂತೆ ಎರಡು ಇಂಗ್ಲಿಷ್ ಅಕ್ಷರಗಳಿವೆ. ಜೂನಿಯಲ್ಲಿ ಒಡವೆ ಮನೆಮಂದಿಯ ಕಸುಬು. ಒಬ್ಬರು ಕಲ್ಲು ಉಜ್ಜಿದರೆ ಇನ್ನೊಬ್ಬರು ಬೆಸುಗೆ ಹಾಕುತ್ತಾರೆ. ಗಂಡಹೆಂಡಿರ ಕೆಲಸಕ್ಕೆ ಒಬ್ಬರದೇ ಸಹಿ ಬೀಳುವುದೂ ಉಂಟು. ಅದೇ ಎರಡು ಅಕ್ಷರ ಬೇರೆ ಮನೆಯವರದೂ ಆಗಿರಬಹುದು. ‘ಸ್ಟರ್ಲಿಂಗ್’ ಅಥವಾ 925 ಎಂದಿದ್ದರೆ ಅದು ಬೆಳ್ಳಿಯ ಶುದ್ಧತೆಯ ಮಾತು, ಯಾರು ಮಾಡಿದ್ದೆಂಬ ಮಾತಲ್ಲ. 1930ರ ದಶಕದ ಕೊನೆಯಲ್ಲಿ ಅಮೆರಿಕ ಸರಕಾರ ‘ಯು.ಎಸ್. ಜೂನಿ’ ಎಂಬ ಮುದ್ರೆ ತಂದಿತ್ತು. ಕೈಯಲ್ಲೇ ಮಾಡಿರಬೇಕು, ಕಲ್ಲಿಗೆ ಬಣ್ಣ ಕಟ್ಟಿರಬಾರದು ಎಂಬಂಥ ಷರತ್ತುಗಳಿದ್ದವು. ಆ ಮುದ್ರೆಯ ಒಡವೆಗಳು ವಿರಳ.

ಡಬ್ಬಿಯಲ್ಲಿ ಬಲು ಅಂದದ ಮುದ್ರೆಯಿದ್ದದ್ದು ಪದಕದ ಮೇಲೆ. ‘ಜೂನಿ’ ಎಂದು ಅಚ್ಚುಕಟ್ಟಾಗಿ ಒತ್ತಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಹನ್ನೆರಡು ಕಲ್ಲುಗಳೂ ಒಂದೇ ಗಾತ್ರ, ಒಂದೇ ಬಣ್ಣ, ಎಳೆಯೂ ಒಂದೇ ಕಡೆ. ಬೆಳ್ಳಿಯ ಮೇಲೆ ಎರಕದ ಸಣ್ಣ ಕುಳಿಗಳು. ನಕಲಿ ಎಂದೇ ನನ್ನ ಅಭಿಪ್ರಾಯ. ಬಣ್ಣ ಕಟ್ಟಿದ ಹೌಲೈಟ್ ಎಂಬ ಬಿಳಿ ಕಲ್ಲು, ಪ್ಲಾಸ್ಟಿಕ್ ಅಚ್ಚು, ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿ ತಂದ ಸರಕು, ಎಲ್ಲವೂ ಈ ಹೆಸರಿನಲ್ಲಿ ಮಾರಾಟವಾಗಿವೆ. ಹಾಗೆ ಸುಳ್ಳು ಹೇಳಿ ಮಾರಿದವರಿಗೆ ಅಮೆರಿಕದ 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯಿದೆಯ ಪ್ರಕಾರ ಮೊದಲ ತಪ್ಪಿಗೇ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ವಿಧಿಸಬಹುದು. ಕಾದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ; ಕಲ್ಲು ಅಸಲಿಯಾಗಿದ್ದರೆ ಕಲೆಯಷ್ಟೇ ಲಾಭ.

ಮುದ್ರೆಗಿಂತ ನನಗೆ ಹೆಚ್ಚು ನೆರವಾದದ್ದು ಡಬ್ಬಿಯ ತಳದಲ್ಲಿ ಮಡಚಿಟ್ಟಿದ್ದ ಒಂದು ಚೀಟಿ. ಚಿಕ್ಕಮ್ಮನ ದುಂಡಗಿನ ಕನ್ನಡ ಅಕ್ಷರ: ‘ಕಡಗ. ಜೂನಿಗೇ ಹೋಗಿ ತಂದದ್ದು, ಮಾಡಿದವರ ಮನೆಯಲ್ಲೇ. 1974.’ ಇದನ್ನು ಓದಬಲ್ಲ ಮೌಲ್ಯಮಾಪಕರು ಅಮೆರಿಕದಲ್ಲಿ ಸಿಗುವುದು ಕಷ್ಟ. ಹಾಗಾಗಿ ಇಂಗ್ಲಿಷಿಗೆ ಅನುವಾದಿಸಿ, ಮೂಲವನ್ನೂ ಜೊತೆಗಿಟ್ಟು, ಕಡಗದ ಎರಡೂ ಬದಿಯ ಚಿತ್ರ ತೆಗೆದಿಟ್ಟಿದ್ದೇನೆ. ನಿಮ್ಮ ಮನೆಯ ಹಿರಿಯರು ಇದ್ದರೆ ಎಲ್ಲಿ, ಯಾವಾಗ, ಯಾರಿಂದ ಕೊಂಡದ್ದೆಂದು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.

ದೀಪಾವಳಿ ಕಾರ್ಯಕ್ರಮದ ದಿನ ಕಾಫಿ ಕೌಂಟರಿನ ಪಕ್ಕ ಒಂದು ಮೇಜು ಹಾಕಿಸುತ್ತೇನೆ. ಭೂತಗನ್ನಡಿ ನನ್ನದು, ಡಬ್ಬಿ ನಿಮ್ಮದು. ತೊಳೆಯದೆ ತನ್ನಿ. ಚಿಕ್ಕಮ್ಮನ ಚೀಟಿಯನ್ನೂ ತರುತ್ತೇನೆ. ಅದರ ಹಿಂಬದಿಯಲ್ಲಿ ಇನ್ನೊಂದು ಸಾಲಿದೆ: ‘ಕೊಟ್ಟದ್ದು ಎಂಬತ್ತು ಡಾಲರ್. ಇವರಿಗೆ ಹೇಳಿದ್ದು ನಲವತ್ತು.’